ಅಪ್ಪ ಅನ್ನದೆ ಉಳಿದ ಆಮೆನ್

ಇವತ್ತು ತೀರಿಕೊಂಡ ಪಕ್ಕದ ಮನೆಯ ಅಜ್ಜನ ಮಣ್ಣಿಗೆ ಹೋಗಿದ್ದೆ. ಪಾದ್ರಿಗಳ ಪ್ರಾರ್ಥನೆ ಮುಗಿದಾಗ ಎಲ್ಲರೂ "ಆಮೆನ್" ಎಂದರು. ನನ್ನ ಮೂಗಿಗೆ ಫಿನೈಲಿನ ವಾಸನೆ ಬಡಿಯಿತು.

ನಾನು ಚಿಕ್ಕವಳಿದ್ದಾಗ ಜಡ್ಡಾದ ಅವ್ವನನ್ನು ನಮ್ಮೂರು ಮುಶಿಗೇರಿಯಿಂದ ಚಕ್ಕಡಿಯಲ್ಲಿ, ಫಿನೈಲು ನಾರುವ ಮಿಷನ್ ದವಾಖಾನೆಗೆ ಒಯ್ದಿದ್ದೆವು. ಸಂಜೆ ನರ್ಸಬಾಯಿ ಅವಳ ತಲೆಯ ಮೇಲೆ ಕೈಯಿಟ್ಟು, "ಈಕಿಗೆ ಆರಾಮ ಮಾಡು ದೇವ್ರ, ಆಮೆನ್" ಎಂದರು. ಜಪ್ತಿಗೆ ಬರುವ ಕೋರ್ಟಿನ ಅಮೀನನೇ ಬಂದನೆಂದು ಅಪ್ಪ ಗಾಬರಿಯಾದ.

"ಅಮೀನ ಇಲ್ಲಿಗ್ಯಾಕ ಬಂದಾನ್ರಿ?"

ಅವ್ವ ನೋವಿನಲ್ಲೂ ನಕ್ಕಳು.

"ಅಮೀನ ಅಲ್ರಿ, ಆಮೆನ್. ಹಳೇ ಹೀಬ್ರೂ ಮಾತು. ಗಟ್ಟಿ, ಖರೇ ಅನ್ನೂದರಿಂದ ಬಂದದ. ಹಾಂಗ ಆಗಲಿ ಅಂತ ಅರ್ಥ," ಎಂದರು ನರ್ಸಬಾಯಿ.

ಅಂದಿನಿಂದ ಅಪ್ಪ ಸಂಜೆಯಾದರೆ ರುಮಾಲು ತೆಗೆದು ಕೈಯಲ್ಲಿ ಹಿಡಿದು ಕಾಯುತ್ತಿದ್ದ. ಪ್ರಾರ್ಥನೆ ಮುಗಿಯುತ್ತಲೇ, ಹೊಲದಲ್ಲಿ ಎತ್ತುಗಳನ್ನು ಕೂಗುವಷ್ಟು ಜೋರಾಗಿ "ಆಮೆನ್" ಅನ್ನುತ್ತಿದ್ದ. ಆ ದನಿಗೇ ಅವ್ವ ಎದ್ದು ಕೂಡುತ್ತಾಳೆಂದು ನಾನು ನಂಬಿದ್ದೆ.

ಒಂದು ಮುಂಜಾನೆ ಅವ್ವನ ಮುಖದ ಮೇಲೆ ಚಾದರ ಎಳೆದಿದ್ದರು. ನರ್ಸಬಾಯಿ ಕಣ್ಣು ಮುಚ್ಚಿ, "ಈಕಿನ್ನ ನಿನ್ನ ಕಡೆ ಇಟ್ಕೋ ದೇವ್ರ" ಎಂದು ಬೇಡಿ, ಅಪ್ಪನ ದನಿಗಾಗಿ ಕಾದರು. ಅಪ್ಪ ರುಮಾಲನ್ನು ಬಾಯಿಗೊತ್ತಿಕೊಂಡ.

"ಹಾಂಗ ಆಗಲಿ ಅಂತ ನಾ ಹ್ಯಾಂಗ ಅನ್ಲಿರಿ, ಬಾಯಾರ?"

ಇವತ್ತು ಅಷ್ಟು ಜನರ ನಡುವೆ ನಾನೊಬ್ಬಳೇ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದೆ.