ಎಡಗೈಯ ನಾಡಿ

ಎರಡನೇ ಮಹಾಯುದ್ಧದ ಕಾಲ. ಮಳವಳ್ಳಿಯಲ್ಲಿ ಒಬ್ಬ ಡಾಕ್ಟರ ಖಾಸಗಿ ದವಾಖಾನೆಯಲ್ಲಿ ನಾನು ನರ್ಸಾಗಿದ್ದೆ. ಅವರಿಗೂ ನನಗೂ ಮೊದಲ ದಿನದಿಂದಲೇ ಆಗಿಬರುತ್ತಿರಲಿಲ್ಲ. ನಾನು ಬಾಯಿ ತೆರೆದರೆ ಅವರಿಗೆ ಮೈ ಉರಿಯುತ್ತಿತ್ತು.

ಒಂದು ಬೆಳಿಗ್ಗೆ ಹತ್ತಿರದ ಹಳ್ಳಿಯ ರೈತನೊಬ್ಬನನ್ನು ಹೆಂಡತಿ, ತಮ್ಮ ಇಬ್ಬರೂ ಗಾಡಿಯಲ್ಲಿ ಮಲಗಿಸಿ ತಂದರು. ಐವತ್ತು ದಾಟಿದ ಗಟ್ಟಿ ಆಳು. ಕಬ್ಬಿನ ಹೊರೆ ಎತ್ತುವಾಗ ಎದೆಯಲ್ಲಿ ಹುಟ್ಟಿದ ನೋವು ಬೆನ್ನಿಗೆ ಇಳಿದಿತ್ತಂತೆ.

"ಕುಡ್ಗೋಲಲ್ಲಿ ಸೀಳ್ದಂಗಾಯ್ತದೆ ಕಣವ್ವಾ," ಎಂದು ನನ್ನ ಸೆರಗು ಹಿಡಿದುಕೊಂಡ.

ಡಾಕ್ಟರು ಹೊಟ್ಟೆ ಒತ್ತಿ ನೋಡಿ, "ವಾಯು," ಎಂದರು. ಸೋಡಾ ಕುಡಿಸಿ, ಅಂಗಳದಲ್ಲಿ ಓಡಾಡಿಸಲು ಹೇಳಿದರು.

ನಾನು ಬಲಗೈ ಹಿಡಿದೆ. ನಾಡಿ ಬೆರಳನ್ನು ಒದೆಯುತ್ತಿತ್ತು. ಎಡಗೈ ತಣ್ಣಗಿತ್ತು, ನಾಡಿ ಸಿಕ್ಕಿತೋ ಇಲ್ಲವೋ ಎಂಬಷ್ಟು ಸಣ್ಣ. ಮೈಸೂರಿನಲ್ಲಿ ಕಲಿಯುವಾಗ ಇಂಥದೇ ನಾಡಿಯ ಒಬ್ಬ ರೋಗಿಯನ್ನು ಕಂಡಿದ್ದೆ. ಅವನು ಸತ್ತ ಮೇಲೆ ಕೊಯ್ದು ನೋಡಿದಾಗ ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರ ಸೀಳಿತ್ತು.

"ಎರಡು ಕೈಯ ನಾಡಿ ಬೇರೆ ಬೇರೆ ಇದೆ ಸಾರ್. ದೊಡ್ಡ ರಕ್ತನಾಳ ಹರಿದಿರಬಹುದು. ಮಲಗಿಸಿ ನೋವಿಗೆ ಮಾರ್ಫಿಯಾ ಕೊಡೋಣ."

"ಇಲ್ಲಿ ಡಾಕ್ಟರು ಯಾರು? ನೀನು ಹೋಗಿ ಬೇಸಿನ್ ತೊಳಿ."

ಎಡಗೈಯನ್ನು ಅವರು ಮುಟ್ಟಲೂ ಇಲ್ಲ. ಅಂಗಳದಲ್ಲಿ ತಮ್ಮ ರೋಗಿಯನ್ನು ಹಿಡಿದು ಓಡಾಡಿಸುತ್ತಿದ್ದ. ನಾನು ಅಡ್ಡ ನಿಂತೆ.

"ಡಾಕ್ಟ್ರೇ ಯೋಳವ್ರೆ. ಮದ್ಯೆ ನಿಂದೇನಮ್ಮ?" ಎಂದು ತಮ್ಮ ನನ್ನನ್ನು ನೂಕಿದ. ನಾನೂ ಬಿಡಲಿಲ್ಲ, ರೋಗಿಯ ತೋಳು ಹಿಡಿದು ಬೆಂಚಿನ ಮೇಲೆ ಮಲಗಿಸಿದೆ. ಅವನು ಒಮ್ಮೆ ನರಳಿದ. ಮುಖ ಸುಣ್ಣದಂತಾಯಿತು. ಉಸಿರು ನಿಂತೇ ಹೋಯಿತು.

"ಮನಗ್ಸಿ ಸಾಯ್ಸ್‌ಬುಟ್ಲು! ನನ್ ಗಂಡನ್ನ ಇವ್ಳೇ ಸಾಯ್ಸ್‌ಬುಟ್ಲು!" ಎಂದು ಹೆಂಡತಿ ನನ್ನ ಕೂದಲಿಗೆ ಕೈ ಹಾಕಿದಳು.

ಡಾಕ್ಟರು ಬಾಗಿಲಲ್ಲಿ ನಿಂತು, "ನಾನು ಓಡಾಡಿಸಿ ಅಂದಿದ್ದೆ," ಎಂದರು. ಅಷ್ಟೇ.

ಹೆಣ ಕೊಯ್ಯಲು ಮನೆಯವರು ಒಪ್ಪಲಿಲ್ಲ. ನಾನು ಕಂಡದ್ದು ನಿಜವೆಂದು ತೋರಿಸಲು ನನ್ನಲ್ಲಿ ಏನೂ ಉಳಿಯಲಿಲ್ಲ. ಅದೇ ವಾರ ಕೆಲಸ ಬಿಟ್ಟೆ.

ಮುಂದೆ ಮಂಡ್ಯದಲ್ಲಿ ಕೆಲಸ ಮಾಡುವಾಗ ಅಲ್ಲಿನ ವೈದ್ಯರೊಬ್ಬರಿಗೆ ಎಲ್ಲವನ್ನೂ ಹೇಳಿದೆ. "ಹರಿದ ನಾಳ ಹೊಲಿಯುವ ವಿದ್ಯೆ ನಮಗಿನ್ನೂ ಬಂದಿಲ್ಲ. ಮಲಗಿಸಿದ್ದರೂ, ನಡೆಸಿದ್ದರೂ ಬಹುಶಃ ಉಳಿಯುತ್ತಿರಲಿಲ್ಲ. ಮಾರ್ಫಿಯಾದಿಂದ ನೋವಾದರೂ ಇಳಿಯುತ್ತಿತ್ತು," ಎಂದರು.

ಸಮಾಧಾನಕ್ಕೆ ಹೇಳಿದ ಮಾತು. ಆದರೆ ಆ ನೋವನ್ನಾದರೂ ಇಳಿಸಬಹುದಿತ್ತಲ್ಲ ಎಂದು ನನ್ನ ಸಿಟ್ಟು ಹೆಚ್ಚಿತು. ಆ ರೈತನ ಹೆಂಡತಿ ಒಮ್ಮೆ ಸಂತೆಯಲ್ಲಿ ಎದುರಾದಳು. ನನ್ನನ್ನು ಕಂಡು ನೆಲಕ್ಕೆ ಉಗಿದಳು. ನಾನು ನಿಲ್ಲದೆ ಮುಂದೆ ನಡೆದೆ.