ಎಡೆಯ ಮುಂದಿನ ಸಣ್ಣ ಪದಕಗಳು

ನಮ್ಮ ಮನೆಯಲ್ಲಿ ತಾತನ ಫೋಟೊ ಇರಲಿಲ್ಲ. ಇದ್ದದ್ದು ನಾಲ್ಕು ಪದಕ. ಅವಾದರೂ ಎಂಥವು ಅಂತೀರಿ, ನಾಲ್ಕನ್ನೂ ಸಾಲಾಗಿ ಇಟ್ಟರೂ ನನ್ನ ಅಂಗೈ ತುಂಬುತ್ತಿರಲಿಲ್ಲ. ಎರಡು ನಕ್ಷತ್ರ, ಎರಡು ದುಂಡನೆಯ ಬಿಲ್ಲೆ, ಒಂದೊಂದೂ ಕೋಟಿನ ಗುಂಡಿಗಿಂತ ತುಸು ದೊಡ್ಡದು. ನಾಲ್ಕಕ್ಕೂ ಸೇರಿಸಿ ಹಿಂದುಗಡೆ ಒಂದೇ ಪಿನ್ನು. ಬಣ್ಣದ ಪಟ್ಟಿಗಳು ಯಾವತ್ತೋ ಮಾಸಿ ಒಂದೇ ಬಣ್ಣಕ್ಕೆ ತಿರುಗಿದ್ದವು. ಅವನ್ನು ಒಂದು ತಗಡಿನ ಡಬ್ಬಿಯಲ್ಲಿ ಹಾಕಿ ದೇವರ ಗೂಡಿನ ಮೇಲೆ ಇಡುತ್ತಿದ್ದರು. ವರ್ಷಕ್ಕೊಮ್ಮೆ ಮಹಾಲಯ ಅಮಾವಾಸ್ಯೆಯ ದಿನ ಮಾತ್ರ ಡಬ್ಬಿ ಕೆಳಗಿಳಿಯುತ್ತಿತ್ತು.

ನನ್ನ ಅವ್ವ ಹೊಟ್ಟೆಯಲ್ಲಿದ್ದಾಗ ತಾತ ಮಿಲಿಟರಿಗೆ ಸೇರಿ ಬರ್ಮಾ ಯುದ್ಧಕ್ಕೆ ಹೋದರಂತೆ, ಅಲ್ಲೇ ತೀರಿಕೊಂಡರಂತೆ. ತೆರಕಣಾಂಬಿ ಕಡೆಯ ಸಿಪಾಯಿಯೊಬ್ಬ ಈ ಪದಕಗಳನ್ನು ತಂದು ಅಜ್ಜಿಯ ಕೈಗೆ ಕೊಟ್ಟನಂತೆ. ಹರದನಹಳ್ಳಿಯ ನಮ್ಮ ಮನೆಯಲ್ಲಿ ತಾತನ ಕಥೆ ಅಂದರೆ ಇಷ್ಟೇ. ಇನ್ನೂ ಏನಾದರೂ ಕೇಳಿದರೆ ಅಜ್ಜಿ, 'ಅಷ್ಟೇ ಕಣಮ್ಮಿ, ಓಗು, ಕಸ ಹೊಡಿ ಓಗು' ಅನ್ನುತ್ತಿದ್ದರು.

ಪದಕ ಯಾಕೆ ಇಷ್ಟು ಸಣ್ಣದು ಅನ್ನುವುದಕ್ಕೆ ನಮ್ಮಲ್ಲಿ ಒಂದು ಉತ್ತರ ತಯಾರಿತ್ತು. ಬಿಳಿಯರು ತಮ್ಮವರಿಗೆ ದೊಡ್ಡ ಪದಕ ಕೊಟ್ಟು, ನಮ್ಮವರಿಗೆ ಸಣ್ಣದು ಕೊಟ್ಟರು ಅಂತ. ಇದನ್ನು ಮೊದಲು ಯಾರು ಹೇಳಿದರೋ ಕಾಣೆ, ನಾನಂತೂ ಪೂರ್ತಿ ನಂಬಿದ್ದೆ. ಹೈಸ್ಕೂಲಿನ ಭಾಷಣ ಸ್ಪರ್ಧೆಯಲ್ಲಿ ಇದನ್ನೇ ಹೇಳಿ, ಮೇಜು ಗುದ್ದಿ, ಬಹುಮಾನವಾಗಿ ಒಂದು ಸ್ಟೀಲ್ ಲೋಟ ಹೊಡೆದುಕೊಂಡು ಬಂದಿದ್ದೆ. ನನಗೆ ಸಿಟ್ಟು ಬೇಗ ಬರುತ್ತದೆ. ಸತ್ತವನಿಗೂ ಅರ್ಧ ಅಳತೆಯ ಪದಕವೇ ಅಂತ ಆಗೆಲ್ಲ ಮೈ ಉರಿಯುತ್ತಿತ್ತು.

ಅಮಾವಾಸ್ಯೆಯ ದಿನ ಅವ್ವ ಆ ಪದಕಗಳನ್ನು ಹುಣಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದಳು. ತಿಕ್ಕಿ ತಿಕ್ಕಿ ಅವುಗಳ ಮೇಲಿದ್ದ ಚಿತ್ರ ಸವೆದುಹೋಗಿತ್ತು. ಒಂದು ಬಿಲ್ಲೆಯ ಮೇಲೆ ಯಾವುದೋ ಪ್ರಾಣಿಯ ಆಕಾರ ಉಳಿದಿತ್ತು. ನಾವು ಅದನ್ನು ಬಸವ ಅಂದುಕೊಂಡು ವಿಭೂತಿ ಹಚ್ಚುತ್ತಿದ್ದೆವು. ನಡುಮನೆಯಲ್ಲಿ ಬಾಳೆಲೆ ಹಾಕಿ, ಕಜ್ಜಾಯ, ವಡೆ, ಅನ್ನ, ತಾತನಿಗೆ ಇಷ್ಟವಾಗಿದ್ದ ಹುರುಳಿಕಟ್ಟಿನ ಸಾರು, ಒಂದು ಕಟ್ಟು ಬೀಡಿ, ಎಲ್ಲ ಇಟ್ಟು, ಎಲೆಯ ಮುಂದೆ ಪದಕ ಇಟ್ಟು ಧೂಪ ಹಾಕುವುದು. ಆಮೇಲೆ ಬಾಗಿಲು ಮುಚ್ಚಿಕೊಂಡು ಎಲ್ಲರೂ ಹೊರಗೆ ಜಗಲಿಯ ಮೇಲೆ ಕೂರುವುದು. ಹಿರಿಯರು ಬಂದು ಉಂಡು ಹೋಗಲಿ ಅಂತ. ನಾನು ಬಾಗಿಲಿಗೆ ಕಿವಿಯಿಟ್ಟು, ಸಾರು ಸುರಿಯುವ ಸದ್ದು ಬರುತ್ತದಾ ಅಂತ ಕೇಳುತ್ತಿದ್ದೆ.

ಅಜ್ಜಿ ಮಾತ್ರ ಜಗಲಿಗೆ ಬರುತ್ತಿರಲಿಲ್ಲ. ಬೆಳಿಗ್ಗೆಯಿಂದ ಅಡುಗೆಯೆಲ್ಲ ಅವರದೇ, ಹುರುಳಿಯ ಕಟ್ಟನ್ನು ಬೇರೆಯವರು ಬಸಿಯುವಂತಿಲ್ಲ. ಆದರೆ ಎಡೆ ಇಡುವ ಹೊತ್ತಿಗೆ ಹಿತ್ತಲ ಬಾಗಿಲಿಗೆ ಹೋಗಿ ನಿಂತುಬಿಡುತ್ತಿದ್ದರು. ಎಡೆಗೆ ಕೈ ಮುಗಿದದ್ದನ್ನು ನಾನು ನೋಡಿಲ್ಲ, ಆ ದಿನದ ಅಡುಗೆ ಉಂಡದ್ದನ್ನೂ ನೋಡಿಲ್ಲ. ಹೊಟ್ಟೆ ಸರಿಯಿಲ್ಲ ಅನ್ನುವರು. ಪಾಪ, ಗಂಡನ ನೆನಪಿಗೆ ಸಂಕಟ ಆಗುತ್ತದೆ ಅಂತ ನಾವೂ ಸುಮ್ಮನಾಗುತ್ತಿದ್ದೆವು. ಕುಂಕುಮ ಇಡುತ್ತಿರಲಿಲ್ಲ, ಬಳೆ ತೊಡುತ್ತಿರಲಿಲ್ಲ. ಗಂಡ ಸತ್ತ ಮೇಲೂ ಕಾಲುಂಗುರ ಮಾತ್ರ ತೆಗೆದಿರಲಿಲ್ಲ. ಊರ ಹೆಂಗಸರು ಆಡಿಕೊಂಡರೆ, 'ಬೆರಳು ಊದ್ಕಂಡವೆ, ಬರಾಕಿಲ್ಲ, ಬೆರಳು ಕತ್ತರಿಸ್ಲಾ?' ಅಂತ ಗದರಿಬಿಡುತ್ತಿದ್ದರು. ಅವರ ಬಾಯಿಗೆ ಊರೇ ಹೆದರುತ್ತಿತ್ತು. ನನ್ನ ಸಿಟ್ಟು ಎಲ್ಲಿಂದ ಬಂತು ಅಂತ ಬೇರೆ ಹೇಳಬೇಕಾಗಿಲ್ಲ.

ಅಜ್ಜಿ ಹೋಗಿ ಬಹಳ ವರ್ಷವಾಯಿತು. ಅಂದಿನಿಂದ ಅಮಾವಾಸ್ಯೆಯ ದಿನ ಎರಡು ಎಲೆ, ತಾತನಿಗೊಂದು, ಅಜ್ಜಿಗೊಂದು. ನಾನು ಮದುವೆಯಾಗಿ ಚಾಮರಾಜನಗರಕ್ಕೆ ಬಂದೆ. ಅವ್ವ ಊರಿನಲ್ಲಿ ನನ್ನ ತಮ್ಮನ ಸಂಸಾರದ ಜೊತೆ ಇದ್ದಾಳೆ. ಎಂಬತ್ತು ದಾಟಿದೆ. ಈಗಲೂ ಪದಕ ತಿಕ್ಕುವ ಕೆಲಸ ಅವಳದೇ.

ಮೊನ್ನೆ ಬೇಸಿಗೆಯಲ್ಲಿ ಊರಿನ ಹುಡುಗರು ಬಸ್ ಸ್ಟಾಪಿನ ಹತ್ತಿರ ಒಂದು ಬೋರ್ಡು ಹಾಕಿಸುತ್ತೇವೆ ಅಂತ ಬಂದರು. ಸುತ್ತಮುತ್ತಲಿನ ಊರುಗಳಿಂದ ಮಿಲಿಟರಿಗೆ ಹೋಗಿ ಪ್ರಾಣ ಕೊಟ್ಟವರ ಹೆಸರು ಅದರಲ್ಲಿ ಇರುತ್ತದೆ, ತಾತನ ಹೆಸರು ಎಲ್ಲಕ್ಕಿಂತ ಮೇಲೆ. ಅವ್ವನಿಗೆ ಆದ ಸಂತೋಷ ಹೇಳತೀರದು. ಅಪ್ಪನ ಮುಖ ಕಾಣದ ಹುಡುಗಿ ಅಂತ ಅನ್ನಿಸಿಕೊಂಡೇ ಮುದುಕಿಯಾದವಳು ಅವಳು. 'ಬೋಲ್ಡಲ್ಲಿ ನಮ್ಮಪ್ಪನ ಹೆಸ್ರು ಬತ್ತದಂತೆ' ಅಂತ ಫೋನಿನಲ್ಲಿ ನನಗೆ ದಿನವೂ ಹೇಳುತ್ತಿದ್ದಳು. ಹುಡುಗರಿಗೆ ತಾತ ಯಾವ ಪಡೆಯಲ್ಲಿದ್ದರು ಅನ್ನುವ ವಿವರ ಬೇಕಿತ್ತು. ಪದಕ ನೋಡಿದರೆ ಗೊತ್ತಾಗುತ್ತದೆ, ನಾನು ವಿಚಾರಿಸಿಕೊಂಡು ಬರುತ್ತೇನೆ ಅಂತ ಎದ್ದು ನಿಂತವಳು ನಾನೇ. ಯಾರೂ ನನ್ನನ್ನು ಕೇಳಿರಲಿಲ್ಲ.

ಗುಂಡ್ಲುಪೇಟೆಯ ಹತ್ತಿರ ಜಮೀನು ಗುತ್ತಿಗೆಗೆ ಹಿಡಿದು ಶುಂಠಿ ಬೆಳೆಯುವ ಕೇರಳದವರೊಬ್ಬರಿದ್ದಾರೆ. ಮಿಲಿಟರಿಯಲ್ಲಿ ಸುಬೇದಾರರಾಗಿ ನಿವೃತ್ತರಾದವರು, ನನ್ನ ಯಜಮಾನರಿಗೆ ಪರಿಚಯ. ಡಬ್ಬಿಯನ್ನು ಸೆರಗಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದೆ. ದಾರಿಯುದ್ದಕ್ಕೂ, ಬಿಳಿಯರು ಮಾಡಿದ ಮೋಸವನ್ನು ಅವರಿಗೆ ಹೇಗೆ ಹೇಳುವುದು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದೆ. ಹೇಳಿಯೂ ಹೇಳಿದೆ.

ಸುಬೇದಾರರು ಜೋರಾಗಿ ನಕ್ಕರು. 'ಅಮ್ಮ, ದೊರೆಗಳೂ ಇಷ್ಟೇ ಸಣ್ಣದು ಹಾಕ್ತಾ ಇದ್ರು' ಅಂದು ಒಳಗೆ ಹೋಗಿ ತಮ್ಮ ಪದಕಗಳನ್ನು ತಂದರು. ಒಂದು ಸಾಲು ದೊಡ್ಡವು, ಒಂದು ಸಾಲು ಸಣ್ಣವು, ಎರಡರಲ್ಲೂ ಅವೇ ಪದಕಗಳು. ನನ್ನ ತಾತನವನ್ನು ಅವರ ಸಣ್ಣ ಸಾಲಿನ ಪಕ್ಕದಲ್ಲಿಟ್ಟರು. ಅಳತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

'ದೊಡ್ಡದು ಸರ್ಕಾರ ಕೊಡುತ್ತೆ. ಸಣ್ಣದು ಸರ್ಕಾರ ಕೊಡಲ್ಲ. ರಾತ್ರಿ ಮೆಸ್ಸಲ್ಲಿ ದೊಡ್ಡ ಊಟ ಇದ್ದಾಗ ಹಾಕೋ ಕೋಟಿಗೆ ಇದು. ನಾವೇ ಮಾಡಿಸ್ಕೋಬೇಕು, ನಮ್ಮ ಕೈಯಿಂದ ದುಡ್ಡು ಹಾಕಿ.' ಪದಕವನ್ನು ತಿರುಗಿಸಿ ಹಿಂದಿನ ಬಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಅದರ ಮೂಲೆಯಲ್ಲಿ ನೂಲಿನಿಂದ ನೇಯ್ದ ಇಂಗ್ಲಿಷ್ ಅಕ್ಷರಗಳಿದ್ದವು. ಅಂಗಡಿಯ ಹೆಸರು ಹೋಗಿತ್ತು, ಜಬಲ್ಪುರ ಅನ್ನುವುದು ಮಾತ್ರ ಉಳಿದಿತ್ತು. 'ಅಲ್ಲಿಯ ದರ್ಜಿ ಕಟ್ಟಿಕೊಟ್ಟಿದ್ದು. ನಿಮ್ಮ ತಾತ ಸಿಪಾಯಿ ಅಲ್ಲ, ಮೇಲೆ ಹೋಗಿದ್ದಾರೆ. ಜಮಾದಾರ್ ಆದ್ರೂ ಆಗಿರ್ಬೇಕು, ಸುಬೇದಾರಿಗಿಂತ ಒಂದೇ ಮೆಟ್ಟಿಲು ಕೆಳಗೆ. ಸಿಪಾಯಿಗೆ ಇದರ ಕೆಲಸ ಇಲ್ಲ.'

ನನಗೆ ಹೆಮ್ಮೆಯಾಯಿತು. ಬೋರ್ಡಿನಲ್ಲಿ ಜಮಾದಾರ್ ಅಂತ ಬರೆಸಬೇಕು ಅಂದುಕೊಂಡೆ. ಅಷ್ಟರಲ್ಲಿ ಅವರು ನಮ್ಮ ಬಸವನ ಬಿಲ್ಲೆಯನ್ನು ಕಣ್ಣಿನ ಹತ್ತಿರ ಹಿಡಿದಿದ್ದರು. ಒಳಗಿನಿಂದ ಭೂತಗನ್ನಡಿ ತರಿಸಿ ನೋಡಿದರು. ನಗು ನಿಂತಿತ್ತು.

'ಬರ್ಮಾದಲ್ಲಿ ಹೋದರು ಅಂದ್ರಲ್ಲ?'

'ಹೌದು.'

'ಇದು ಬಸವ ಅಲ್ಲಮ್ಮ. ಸಿಂಹ. ನಮ್ಮ ನೋಟಿನ ಮೇಲೆ ಇರುತ್ತಲ್ಲ, ಅದು. ಬರ್ಮಾ ಯುದ್ಧ ಮುಗಿದು ಎರಡು ವರ್ಷಕ್ಕೆ ಸ್ವಾತಂತ್ರ್ಯ ಬಂತಲ್ಲ, ಆ ದಿನ ಯಾರು ಸರ್ವಿಸಲ್ಲಿ ಇದ್ರೋ ಅವರಿಗೆ ಕೊಟ್ಟ ಮೆಡಲು.'

ಭೂತಗನ್ನಡಿಯಲ್ಲಿ ನಾನೂ ನೋಡಿದೆ. ಒಮ್ಮೆ ತಿಳಿದ ಮೇಲೆ ಅದು ಬೇರೆ ಏನಾಗಿಯೂ ಕಾಣಲಿಲ್ಲ. ಶಾಲೆಗೆ ಹೋದವಳು ನಾನು, ದಿನವೂ ಕೈಯಲ್ಲಿ ಆ ಸಿಂಹ ಹಿಡಿದು ತರಕಾರಿ ಕೊಂಡವಳು. ತಂದುಕೊಟ್ಟ ಸಿಪಾಯಿ ತನ್ನದನ್ನೇ ಕೊಟ್ಟಿರಬಹುದಾ ಅಂತ ಕೇಳಿದೆ. ಸುಬೇದಾರರು ಒಳ್ಳೆಯವರು, ಇರಬಹುದು ಅಂದರು. ಆಮೇಲೆ ಕಾಫಿ ಬಂತು. ಕುಡಿಯುವಾಗ ಅವರು, 'ತನ್ನ ಮೆಡಲ್ ಯಾರೂ ಬೇರೆಯವರ ಮನೆಗೆ ಕೊಡಲ್ಲಮ್ಮ' ಅಂತ ಮೆಲ್ಲಗೆ ಹೇಳಿದರು.

ವಾಪಸ್ಸು ಬರುವಾಗ ತೆರಕಣಾಂಬಿಯಲ್ಲಿ ಬಸ್ಸು ನಿಂತಿತು. ಆ ಸಿಪಾಯಿಯ ಮೊಮ್ಮಕ್ಕಳು ಯಾರಾದರೂ ಹತ್ತುತ್ತಾರೇನೋ ಅನ್ನುವ ಹಾಗೆ ಬಾಗಿಲನ್ನೇ ನೋಡಿದೆ. ಅಂಥ ಸಿಪಾಯಿಯೇ ಇರಲಿಲ್ಲ ಅಂತ ಆಗಲೇ ಮನಸ್ಸಿಗೆ ಗೊತ್ತಾಗಿಬಿಟ್ಟಿತ್ತು. ಹೋಗಲೇಬಾರದಾಗಿತ್ತು ಅನ್ನಿಸಿತು. ಬೋರ್ಡಿನಲ್ಲಿ ಅವ್ವನ ಅಪ್ಪ ವೀರನಾಗಿ ಇರುತ್ತಿದ್ದರು, ಯಾರ ಗಂಟು ಏನು ಹೋಗುತ್ತಿತ್ತು?

ಅವ್ವನಿಗೆ ಹೇಳದೆ ಮುಚ್ಚಿಡಬೇಕು ಅಂತಲೇ ಊರಿಗೆ ಹೋದೆ. ಆದರೆ ನನ್ನ ಮುಖ ಯಾವ ಗುಟ್ಟನ್ನೂ ಇಟ್ಟುಕೊಳ್ಳುವುದಿಲ್ಲ. ಅವಳು ಕೇಳಿದಳು, ನಾನು ಹೇಳಿದೆ. ಅತ್ತಾಳು, ಬೈದಾಳು ಅಂದುಕೊಂಡಿದ್ದೆ. ಅವಳು ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಮುಚ್ಚಳ ತೆಗೆದಳು.

'ಮನೇಗ್ ತಂದ್ಕೊಟ್ಟುದ್ದಲ್ಲ ಕಣಮ್ಮಿ ಇದು,' ಅಂದಳು. 'ಸಂತೆಮರಳ್ಳಿ ಸಂತೇಲಿ. ನಂಗೆ ಏಳೋ ಎಂಟೋ ಇರ್ಬೇಕು. ಉದ್ದಕೆ ಒಬ್ಬ, ಕೋಟ್ ಹಾಕಿದ್ದ. ನಮ್ಮವ್ವನ ಹೆಸ್ರಿಡ್ದು ಕರ್ದ. ಪರದೇಸದ ಗಂಡಸು ಹೆಸ್ರಿಡ್ದು ಕರ್ದಾನಾ? ನಂಗೆ ಬೆಂಡು ಬತ್ತಾಸು ಕೊಡುಸ್ದ. ಇದ ತನ್ ಜೋಬಿಂದ ತೆಗ್ದು ನನ್ ಕೈಗೇ ಕೊಟ್ಟ. ಇಬ್ರೂ ಗಾಡಿ ಮರೇಲಿ ನಿಂತ್ಕಂಡು ಮಾತಾಡುದ್ರು. ಅವ್ವ ಬಂದೋಳೇ ನನ್ ರಟ್ಟೆ ಇಡ್ಕೊಂಡು ನಡುಸ್ಕೊಂಡೇ ಬಂದ್ಬುಟ್ಳು, ಗಾಡೀಗೂ ಕಾಯ್ನಿಲ್ಲ. ಯಾರವ್ವ ಅಂದುದ್ಕೆ, ನಿಮ್ಮಪ್ಪ ಸತ್ತೋದ್ನಂತೆ, ತೆರಕಣಾಂಬಿಯೋನು ಏಳ್ದ ಅಂದ್ಳು.'

'ಅದಕ್ಕೆ ಮೊದಲು ಎಡೆ ಇಡುತ್ತಿರಲಿಲ್ಲವಾ?'

'ಇಲ್ಲ. ಆ ವರ್ಸ್ದಿಂದ್ಲೇ ಸುರು.'

ಜಬಲ್ಪುರದಲ್ಲಿ ತಾತನಿಗೆ ಇನ್ನೊಂದು ಸಂಸಾರವಿತ್ತೋ, ಇನ್ನೇನಿತ್ತೋ, ಗಾಡಿಯ ಮರೆಯಲ್ಲಿ ಅವರು ಏನು ಹೇಳಿದರೋ, ಅದನ್ನು ತಿಳಿದಿದ್ದವರು ಇಬ್ಬರೇ. ದೊಡ್ಡ ಪದಕಗಳನ್ನು ತಾವಿಟ್ಟುಕೊಂಡು ಸಣ್ಣವನ್ನು ಮಗಳ ಕೈಗಿಟ್ಟರು. ನನಗೆ ಸಿಟ್ಟು ಬಂದದ್ದು ಅದಕ್ಕೆ. ಅವ್ವನಿಗೆ ಅದಲ್ಲ ಚಿಂತೆ. 'ಬದುಕಿದ್ದೋನ್ಗೆ ಎಡೆ ಇಕ್ಬುಟ್ನಲ್ಲ ಕಣಮ್ಮಿ, ಈ ಕೈಯಿಂದ್ಲೇ' ಅಂತ ಕೈ ನೋಡಿಕೊಂಡಳು. ಬದುಕಿರುವವರ ಹೆಸರಿನಲ್ಲಿ ಎಡೆ ಇಟ್ಟರೆ ಅವರಿಗೆ ಆಯಸ್ಸು ಇಲ್ಲ ಅಂತ ನಮ್ಮ ಕಡೆ ನಂಬಿಕೆ. ಅಜ್ಜಿ ಇಡಿಸಿದ್ದು, ನೀನಾಗ ಮಗು ಅಂದೆ. ಅವಳು ಕೇಳಿಸಿಕೊಳ್ಳಲಿಲ್ಲ.

ಬೋರ್ಡಿನ ವಿಷಯವನ್ನು ಅವಳೇ ಮುಗಿಸಿದಳು. ಹುಡುಗರನ್ನು ಕರೆಸಿ, 'ಸತ್ತ ಅಂತ ಬರೀಬ್ಯಾಡ್ರಪ್ಪ. ಮಿಲ್ಟ್ರೀಲಿದ್ದ ಅಂತ ಬೇಕಾರೆ ಬರ್ಕಳ್ಳಿ, ಅದು ಸುಳ್ಳಲ್ಲ' ಅಂದಳು. ಪ್ರಾಣ ಕೊಟ್ಟವರ ಬೋರ್ಡಿನಲ್ಲಿ ಅದಕ್ಕೆ ಜಾಗವಿರಲಿಲ್ಲ. ಬೋರ್ಡು ತಾತನ ಹೆಸರಿಲ್ಲದೆ ನಿಂತಿದೆ. ನಾನು ಊರಿಗೆ ಹೋದಾಗಲೆಲ್ಲ ಬಸ್ಸಿನಿಂದ ಅದರ ಎದುರೇ ಇಳಿಯಬೇಕು.

ಈ ಸಲದ ಅಮಾವಾಸ್ಯೆಗೆ ಅವ್ವ ಎರಡೆಲೆಯನ್ನೇ ಹಾಕಿದಳು. ಈಗಂತೂ ಅಪ್ಪ ಇರಲಾರ, ಇಷ್ಟು ವಯಸ್ಸಿಗೆ ಯಾರು ಇರುತ್ತಾರೆ ಅಂದಳು. ಪದಕ ತಿಕ್ಕಲಿಲ್ಲ, ಡಬ್ಬಿಯನ್ನೂ ಇಳಿಸಲಿಲ್ಲ. ಬಾಗಿಲು ಮುಚ್ಚಿ ಎಲ್ಲರೂ ಜಗಲಿಗೆ ಬಂದಾಗ ನೋಡುತ್ತೇನೆ, ಅವ್ವ ಇಲ್ಲ. ಮನೆಯನ್ನು ಸುತ್ತಿಕೊಂಡು ಹಿತ್ತಲಿಗೆ ಹೋದೆ. ಅಜ್ಜಿ ನಿಲ್ಲುತ್ತಿದ್ದ ಜಾಗದಲ್ಲಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು.

'ಅವ್ವ ಸತ್ತಾಗ ಮೈ ತೊಳ್ದೋಳು ನಾನೇ ಅಲ್ವಾ,' ಅಂದಳು, ನನ್ನ ಕಡೆ ತಿರುಗದೆ. 'ಬೆರಳು ಊದ್ಕಂಡವೆ, ಕಾಲುಂಗ್ರ ಬರಾಕಿಲ್ಲ ಅಂತಿದ್ಳಲ್ಲ. ಸೋಪು ತರ್ಸಿಟ್ಕಂಡಿದ್ದೆ. ಬೇಕಾಗ್ನೇ ಇಲ್ಲ ಕಣಮ್ಮಿ. ಮುಟ್ಟುದ್ ಕೂಡ್ಲೆ ಬಂದ್ಬುಟ್ಟೊ. ಸಡ್ಲಾಗಿದ್ದೊ. ಎಷ್ಟ್ ವರ್ಸ್ದಿಂದ ಬೆರಳ ಮಡ್ಚಿ ಇಡ್ಕೊಂಡಿದ್ಳೋ, ಬೀಳ್ದಂಗೆ.'

'ಆಗ್ಲೂ ನಂಗೆ ಹೊಳೀನಿಲ್ಲ' ಅಂದಳು.

ಅಷ್ಟು ವರ್ಷ ಅಜ್ಜಿಯ ಕಾಲಿಗೆ ನಮಸ್ಕಾರ ಮಾಡಿದವಳು ನಾನು. ನನಗೂ ಹೊಳೆದಿರಲಿಲ್ಲ. ಅವ್ವನ ಪಕ್ಕದಲ್ಲಿ ನಿಂತುಕೊಂಡೆ. ಜಗಲಿಯಿಂದ ತಮ್ಮ, ಬಾಗಿಲು ತೆಗೆಯೋಣವಾ ಅಂತ ಕೂಗಿ ಕೇಳಿದ. ಅವ್ವ, ಇನ್ನೂ ಒಸಿ ಹೊತ್ತು ಇರ್ಲಿ ಅಂದಳು.