ಹಿತ್ತಿಲ ಗೋಡೆಯ ಹೆಣ್ಣುಬಳ್ಳಿ

ಇನ್ನೂ ಆರು ಗಂಟೆಯಾಗಿಲ್ಲ. ಊರಂಚಿನ ಓಣಿಯ ಕೊನೆಯ ಮನೆಯ ಹಿತ್ತಿಲಲ್ಲಿ ಒಬ್ಬ ಹೆಂಗಸು ಬೋರಲು ಹಾಕಿದ ಬಕೆಟ್ಟಿನ ಮೇಲೆ ಕೂತು, ಗೋಡೆಗೆ ಹಬ್ಬಿದ ಬಳ್ಳಿಯ ಹೂಗಳಿಗೆ ತೊಡಿಸಿದ್ದ ಕಾಗದದ ಚೀಲಗಳನ್ನು ಬಿಚ್ಚುತ್ತಿದ್ದಾರೆ. ತೊಡೆಯ ಮೇಲೊಂದು ಸ್ಟೀಲ್ ಡಬ್ಬಿ. ಅದರಲ್ಲಿ ಹತ್ತಿಯ ಮೇಲೆ ಮಲಗಿಸಿ ತಂದ ಗಂಡು ಹೂಗಳು. ಮಕ್ಕಳು ಬಣ್ಣ ಹಚ್ಚುವ ಸಣ್ಣ ಕುಂಚವನ್ನು ಡಬ್ಬಿಯ ಹೂವಿಗೆ ಮುಟ್ಟಿಸಿ, ಬಳ್ಳಿಯ ಹೂವಿಗೆ ಸವರಿ, ಮತ್ತೆ ಚೀಲ ಕಟ್ಟುತ್ತಾರೆ. ಒಂದು ಸೀನು ಬಂದರೆ ಆ ದಿನದ ಪರಾಗವೆಲ್ಲ ಗಾಳಿಪಾಲು.

"ಏನಮ್ಮಾ, ಶಾಸ್ತ್ರ ಮುಗೀತಾ?" ಮನೆಯ ಮುದುಕರು ಬಾಗಿಲಲ್ಲಿ ನಿಂತು ಕೇಳುತ್ತಾರೆ.

"ಇನ್ನು ಮೂರು ಹೂ ಇದೆ ಅಜ್ಜ. ಮಾತಾಡಿಸಬೇಡಿ, ಕೈ ಅಲ್ಲಾಡುತ್ತೆ."

"ನನ್ನ ಮದುವೆಗೂ ಯಾರೂ ಇಷ್ಟು ಬೇಗ ಎದ್ದಿರಲಿಲ್ಲ ಬಿಡು!"

ಬಕೆಟ್ಟಿನ ಮೇಲೆ ಕೂತವರು ಸಸ್ಯವಿಜ್ಞಾನಿ. ವಯಸ್ಸು ಐವತ್ತೆಂಟೂವರೆ. ಅಳಿದುಹೋಗುತ್ತಿರುವ ಔಷಧಿ ಗಿಡಗಳನ್ನು ಉಳಿಸುವ ಸಂಶೋಧನಾ ತೋಟದಲ್ಲಿ ಇಪ್ಪತ್ತಾರು ವರ್ಷದ ದುಡಿಮೆ. ಅದರಲ್ಲಿ ಮೊದಲ ಹನ್ನೊಂದು ವರ್ಷ ಹಂಗಾಮಿ. ಅವರ ತಾಯಿ ಮೂಲಿಕೆ ಅಂಗಡಿಯೊಂದರಲ್ಲಿ ಬೇರು ಕುಟ್ಟುತ್ತಿದ್ದವರು. ಶಾಲೆ ಬಿಟ್ಟ ಮೇಲೆ ಮಗಳು ಅಲ್ಲೇ ಮೂಟೆಗಳ ನಡುವೆ ಕೂತು, ಕಣ್ಣು ಮುಚ್ಚಿ ಬೇರು ಮೂಸಿ ಹೆಸರು ಹೇಳುವ ಆಟ ಆಡುತ್ತಿದ್ದಳು. "ನಾನು ಓದಿದ್ದು ಮೊದಲು ಮೂಗಲ್ಲೇ," ಎನ್ನುತ್ತಾರೆ.

ಗೋಡೆಯ ಮೇಲಿರುವುದು ಕೀಲುಬಳ್ಳಿ. ಇದರ ಬೇರಿನ ಕಷಾಯ ಮಂಡಿನೋವಿಗೆ ಒಳ್ಳೆಯದೆಂದು ಜನ ಅಗೆದರು, ಮಾರಿದರು, ಮತ್ತೆ ಅಗೆದರು. ಬೇರು ಹೋದರೆ ಬಳ್ಳಿಯೂ ಹೋಯಿತು. ಹತ್ತು ವರ್ಷದ ಕೆಳಗೆ ಇಡೀ ಗುಡ್ಡದಲ್ಲಿ ಹುಡುಕಿದಾಗ ಇವರಿಗೆ ಸಿಕ್ಕಿದ್ದು ಬಂಡೆಯ ಸಂದಿನಲ್ಲಿದ್ದ ಒಂದೇ ಒಂದು ಬಳ್ಳಿ. ಅದರ ಕಡ್ಡಿ ಕತ್ತರಿಸಿ ನೆಟ್ಟರು. ಕಡ್ಡಿ ಚಿಗುರಿತು. ನಾಲ್ಕು ವರ್ಷದಲ್ಲಿ ನಾನೂರ ಹನ್ನೆರಡು ಕುಂಡಗಳಾದವು. ತೋಟದ ಬಾಗಿಲಲ್ಲಿ 'ಅಳಿವಿನಿಂದ ಪಾರಾದ ಬಳ್ಳಿ' ಎಂಬ ಫಲಕ ಎದ್ದಿತು.

ಆರನೆಯ ವರ್ಷ ಬಳ್ಳಿಗಳು ಹೂ ಬಿಟ್ಟವು. ಈ ಜಾತಿಯಲ್ಲಿ ಗಂಡೇ ಬೇರೆ ಬಳ್ಳಿ, ಹೆಣ್ಣೇ ಬೇರೆ ಬಳ್ಳಿ. ಹೂ ಬರುವ ತನಕ ಯಾವುದು ಯಾವುದೆಂದು ತಿಳಿಯದು. ನಾನೂರ ಹನ್ನೆರಡೂ ಗಂಡು!

"ಒಂದೇ ಬಳ್ಳಿ ಕಡ್ಡಿ ಅಂದ್ಮೇಲೆ ಇನ್ನೇನಾಗುತ್ತೆ? ಪಾಠ ಹೇಳುವಾಗ ನಾನೇ ನೂರು ಸಲ ಹೇಳಿದ ಮಾತು. ಸಿಕ್ಕಿದ ಖುಷಿಯಲ್ಲಿ ತಲೆಗೆ ಹೋಗಲೇ ಇಲ್ಲ," ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಮೇಲಿನವರಿಗೆ ತಾವೇ ಕಾಗದ ಬರೆದು ಫಲಕ ಇಳಿಸಿದರು. ಮನೆಯಲ್ಲಿ ಜೊತೆಗಿರುವ ಅಕ್ಕ ಮಾತ್ರ ಸುಮ್ಮನಿರಲಿಲ್ಲ: "ನಾನೂರು ಗಂಡು ಸಾಕಿ ಒಂದು ಹೆಣ್ಣು ಹುಡುಕೋಕಾಗ್ಲಿಲ್ವೇನೇ? ನಿನಗೆ ಗಂಡು ಹುಡುಕೋಕೆ ನಾವು ಪಟ್ಟ ಪಾಡು ಈಗಲಾದ್ರೂ ಗೊತ್ತಾಯ್ತಾ?"

ಮೂರು ವರ್ಷ ಗುಡ್ಡ ಸುತ್ತಿದರೂ ಹೆಣ್ಣು ಸಿಗಲಿಲ್ಲ. ಕೊನೆಗೆ ಉಳಿದದ್ದು ಬೇರು ಅಗೆಯುವ ಈ ಅಜ್ಜನ ಮನೆ. ಹಿಂದೊಮ್ಮೆ ಅಜ್ಜನ ಮೇಲೆ ಅರಣ್ಯದವರಿಗೆ ದೂರು ಕೊಟ್ಟದ್ದೂ ಈ ವಿಜ್ಞಾನಿಯೇ. ಒಣಗಿದ ಗಂಡು ಹೂವೊಂದನ್ನು ಅಂಗೈಲಿಟ್ಟುಕೊಂಡು ಬಾಗಿಲಲ್ಲಿ ನಿಂತರು. ಅಜ್ಜ ಹೂವನ್ನು ನೋಡಲೂ ಇಲ್ಲ.

"ಬೇರು ತೋರ್ಸು. ಸಣ್ಣದಾ? ಹಾಗಾದ್ರೆ ಅದು ನಮಗೆ ಬೇಡದ ಬಳ್ಳಿ ಕಣಮ್ಮಾ. ಕಾಯಿ ಬಿಡೋ ಬಳ್ಳಿಗೇ ಬೇರು ದಪ್ಪ. ನಾವು ಅಗೆದಿದ್ದೆಲ್ಲ ಅದನ್ನೇ."

ಪುಸ್ತಕಗಳಲ್ಲಿ ಎಲ್ಲೂ ಇಲ್ಲದ ಮಾತು ಅದು. ಹೆಣ್ಣುಗಳನ್ನೆಲ್ಲ ಆರಿಸಿ ಅಗೆದದ್ದಕ್ಕೇ ಗುಡ್ಡದಲ್ಲಿ ಗಂಡು ಉಳಿದಿತ್ತು. ಅಜ್ಜ ಗೊಣಗುತ್ತಲೇ ಹಿತ್ತಿಲಿಗೆ ಕರೆದೊಯ್ದರು. ತಮ್ಮ ಮಂಡಿ ಪೂರಾ ಕೈಕೊಟ್ಟಾಗ ಬೇಕಾದೀತೆಂದು ಇಪ್ಪತ್ತು ವರ್ಷದ ಹಿಂದೆ ನೆಟ್ಟು ಬಿಟ್ಟಿದ್ದ ಬಳ್ಳಿ ಗೋಡೆ ತುಂಬ ಹಬ್ಬಿತ್ತು. ಈಗ ಮಂಡಿ ಕೈಕೊಟ್ಟಿದೆ, ಕೋಲು ಬಂದಿದೆ. ಆದರೂ ಅಗೆದಿಲ್ಲ. "ಆಯಮ್ಮ ದಿನಾ ಬಂದು ಬಕೆಟ್ ಮೇಲೆ ಕೂತಿರ್ತಾಳೆ. ಅವಳ ಎದುರಿಗೆ ಗುದ್ದಲಿ ಹಿಡಿಯೋಕಾಗುತ್ತಾ?"

ಮುದಿ ಬಳ್ಳಿಯ ಕಡ್ಡಿ ಬೇರು ಬಿಡುವುದಿಲ್ಲ; ನೆಟ್ಟ ಇಪ್ಪತ್ತೆರಡೂ ಕೊಳೆತುಹೋದವು. ಬೀಜವೊಂದೇ ದಾರಿ. ಹೋದ ವರ್ಷ ಕಚೇರಿಯ ವೇಳೆ ನೋಡಿಕೊಂಡು ಹತ್ತು ಗಂಟೆಗೆ ಬಂದಿದ್ದರು. ಬಿಸಿಲಿಗೆ ಪರಾಗ ಸತ್ತಿತ್ತು. ಹತ್ತೊಂಬತ್ತು ಹೂವೂ ಉದುರಿದವು. ಹಾಗಾಗಿ ಈ ಸಲ ನಾಲ್ಕಕ್ಕೇ ಎದ್ದು, ತೋಟದಲ್ಲಿ ಗಂಡು ಹೂ ಕಿತ್ತು, ಹದಿನಾಲ್ಕು ಕಿಲೋಮೀಟರು ಸ್ಕೂಟರಿನಲ್ಲಿ ಬರುತ್ತಾರೆ. ಈ ವರ್ಷದ ಹೂ ಮೂವತ್ತೇಳು. ಇಂದಿನ ಮೂರೇ ಕೊನೆ.

ಮೂರಕ್ಕೂ ಚೀಲ ಕಟ್ಟಿಯಾಯಿತು. ಈಗ ಹಳೆಯ ಚೀಲಗಳನ್ನು ಒಂದೊಂದೇ ಬಿಚ್ಚುತ್ತಾರೆ. ಖಾಲಿ. ಖಾಲಿ. ಮತ್ತೆ ಖಾಲಿ. ಹನ್ನೆರಡನೆಯದರಲ್ಲಿ ಹೂವಿನ ಬುಡ ಮೆಣಸಿನ ಕಾಳಿನಷ್ಟು ಊದಿದೆ. ಕನ್ನಡಕ ಒರೆಸಿಕೊಂಡು ಮತ್ತೆ ನೋಡುತ್ತಾರೆ. ಎಲ್ಲ ಬಿಚ್ಚಿ ಮುಗಿಸುವ ಹೊತ್ತಿಗೆ ಅಂಥವು ಆರು.

"ಕಚ್ಚಿಕೊಂಡಿದೆ ಅಜ್ಜ. ಆರು ಕಾಯಿ."

ಅಜ್ಜ ಕೋಲೂರಿಕೊಂಡು ಹತ್ತಿರ ಬಂದು, ಬಗ್ಗಲಾರದೆ ಬಗ್ಗಿ ನೋಡುತ್ತಾರೆ. "ಹಕ್ಕಿ ತಿಂದಾವು. ಬಲೆ ಕಟ್ಟು," ಎನ್ನುತ್ತಾರೆ, ಅಷ್ಟೆ.

ಕಾಯಿಗೊಂದು ಬೀಜ. ಮೊಳೆತು ಬಳ್ಳಿಯಾಗಿ ಹೂ ಬಿಡಲು ಆರು ವರ್ಷ ಬೇಕು. ಇವರ ನಿವೃತ್ತಿಗೆ ಉಳಿದಿರುವುದು ಒಂದೂವರೆ ವರ್ಷ. ಅದನ್ನು ನೆನಪಿಸಿದರೆ ಕುಂಚ ತೊಳೆಯುತ್ತ ಹೇಳುತ್ತಾರೆ: "ಹೂ ನೋಡೋಕೆ ನಾನೇ ಇರ್ಬೇಕು ಅಂತೇನಿಲ್ಲ. ಆ ಆರರಲ್ಲಿ ಒಂದು ಹೆಣ್ಣಾದ್ರೂ, ಆಗ ತೋಟದಲ್ಲಿರೋರು ಯಾರಾದ್ರೂ ನನಗೊಂದು ಫೋನ್ ಮಾಡಿದ್ರೆ ಸಾಕು. ಬೆಳಿಗ್ಗೆ ನಾಲ್ಕಕ್ಕೇ ಮಾಡ್ಲಿ, ನಾನು ಎದ್ದಿರ್ತೀನಿ."